ಹಳೆಯ ಕಂಪ್ಯೂಟರಿನಲ್ಲಿ ವಿಡಿಯೊ ಎಡಿಟಿಂಗ್: ಸಾಧ್ಯವೇ ಎಂದು ಪರೀಕ್ಷಿಸುವ ಕ್ರಮ

ಎಂಟು-ಹತ್ತು ವರ್ಷ ದುಡಿದ ಕಂಪ್ಯೂಟರಿನಲ್ಲಿ ವಿಡಿಯೊ ಎಡಿಟಿಂಗ್ ತಂತ್ರಾಂಶ ನಡೆಯುತ್ತದೆಯೇ ಎಂದು ಯಾರನ್ನಾದರೂ ಕೇಳಿದರೆ, ‘ಹೊಸದು ತೆಗೆದುಕೊಳ್ಳಿ’ ಎಂಬ ಉತ್ತರವೋ ‘ರ‍್ಯಾಮ್ ಹಾಕಿಸಿ, ನಡೆಯುತ್ತದೆ’ ಎಂಬ ಉತ್ತರವೋ ಸಿಗುತ್ತದೆ. ಎರಡೂ ಕಂಪ್ಯೂಟರನ್ನಷ್ಟೇ ನೋಡಿ ಹೇಳಿದ ಮಾತುಗಳು. ಎಡಿಟ್ ಮಾಡಬೇಕಾಗಿರುವ ವಿಡಿಯೊ ಯಾವ ಕ್ಯಾಮೆರಾದ್ದು, ಯಾವ ರೂಪದಲ್ಲಿ ಉಳಿಸಿದ್ದು ಎಂದು ಮೊದಲು ಕೇಳಬೇಕು. ಅರ್ಧಕ್ಕಿಂತ ಹೆಚ್ಚು ಉತ್ತರ ಆ ಕಡತದಲ್ಲಿಯೇ ಇರುತ್ತದೆ. 2012ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್ ಐ5-3470 ಪ್ರೊಸೆಸರ್ ಮತ್ತು 8 ಜಿಬಿ ರ‍್ಯಾಮ್ ಇರುವ ಸಾಮಾನ್ಯ ಕಚೇರಿ ಡೆಸ್ಕ್‌ಟಾಪು, ಹಳೆಯ ಹ್ಯಾಂಡಿಕ್ಯಾಮಿನ 1080ಪಿ ವಿಡಿಯೊವನ್ನು ತಕರಾರಿಲ್ಲದೆ ಓಡಿಸುತ್ತದೆ. ಅದೇ ಯಂತ್ರಕ್ಕೆ ಇತ್ತೀಚಿನ ಐಫೋನಿನ 4ಕೆ ಎಚ್‌ಡಿಆರ್ (ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ) ವಿಡಿಯೊ ಕೊಟ್ಟರೆ ಚಿತ್ರ ತಡೆತಡೆದು ಓಡುತ್ತದೆ, ಧ್ವನಿ ಮುಂದೆ ಹೋಗುತ್ತದೆ, ಮೌಸ್ ಕೂಡ ಮಾತು ಕೇಳದಂತಾಗುತ್ತದೆ. ಕಂಪ್ಯೂಟರ್ ಒಂದೇ, ತಂತ್ರಾಂಶ ಒಂದೇ. ಬದಲಾದದ್ದು ಕಡತ ಮಾತ್ರ.

ಆದ್ದರಿಂದ ಈ ಬರಹದಲ್ಲಿ ಮೊದಲು ಯಂತ್ರದ ಗುರುತು, ಆಮೇಲೆ ಕಡತದ ಗುರುತು, ಬಳಿಕ ಎರಡನ್ನೂ ಜೋಡಿಸಿ ನೋಡುವ ಪರೀಕ್ಷೆ ಎಂಬ ಕ್ರಮವನ್ನು ಅನುಸರಿಸಿದ್ದೇನೆ. ಹಣ ಖರ್ಚು ಮಾಡುವ ವಿಷಯ ಕೊನೆಗೆ ಬರುತ್ತದೆ, ಬರಬೇಕಾದದ್ದೂ ಕೊನೆಗೇ.

ಯಂತ್ರದ ಗುರುತು

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರಿನ ಪೂರ್ಣ ಹೆಸರು, ಕೋರ್‌ಗಳ (ಅದರೊಳಗಿನ ಲೆಕ್ಕ ಮಾಡುವ ಘಟಕಗಳ) ಸಂಖ್ಯೆ, ರ‍್ಯಾಮ್ ಎಷ್ಟಿದೆ, ಅದಕ್ಕಿರುವ ಸ್ಲಾಟ್‌ಗಳಲ್ಲಿ ಎಷ್ಟು ತುಂಬಿವೆ, ಡಿಸ್ಕ್ ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ ಎಂಬುದೆಲ್ಲ ಕಾಣುತ್ತದೆ. ಜಿಪಿಯುವಿನ, ಅಂದರೆ ಗ್ರಾಫಿಕ್ಸ್ ಚಿಪ್ಪಿನ, ಹೆಸರೂ ಅಲ್ಲಿಯೇ ಇರುತ್ತದೆ. ತೀರ ಹಳೆಯ ಯಂತ್ರಗಳಲ್ಲಿ ಆ ಭಾಗ ಕಾಣಿಸದೇ ಇರಬಹುದು, ಆಗ ಡಿವೈಸ್ ಮ್ಯಾನೇಜರಿನ ಡಿಸ್‌ಪ್ಲೇ ಅಡಾಪ್ಟರ್ಸ್ ಎಂಬಲ್ಲಿ ನೋಡಬಹುದು. ವಿಂಡೋಸ್ 64 ಬಿಟ್‌ನದೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. 32 ಬಿಟ್ ಆಗಿದ್ದರೆ ಇಂದಿನ ಪ್ರಮುಖ ಎಡಿಟಿಂಗ್ ತಂತ್ರಾಂಶಗಳು ಇನ್‌ಸ್ಟಾಲ್ ಕೂಡ ಆಗುವುದಿಲ್ಲ.

ಪ್ರೊಸೆಸರಿನ ಹೆಸರನ್ನು ಓದುವಾಗ ಐ3, ಐ5, ಐ7 ಎಂಬ ಭಾಗಕ್ಕೆ ಜನ ಕೊಡುವ ಮಹತ್ವ ಅದಕ್ಕೆ ಸಲ್ಲುವುದಿಲ್ಲ. ನೋಡಬೇಕಾದದ್ದು ಅದರ ಮುಂದಿನ ಅಂಕೆಗಳನ್ನು. 3470 ಎಂದಿದ್ದರೆ ಮೂರನೆಯ ತಲೆಮಾರು, 8250 ಎಂದಿದ್ದರೆ ಎಂಟನೆಯದು, 10210 ಎಂದಿದ್ದರೆ ಹತ್ತನೆಯದು. ಕೊನೆಯಲ್ಲಿ ‘ಯು’ ಅಕ್ಷರವಿದ್ದರೆ ಅದು ಕಡಿಮೆ ವಿದ್ಯುತ್ ಬಳಸುವ ಲ್ಯಾಪ್‌ಟಾಪ್ ಚಿಪ್. ಐ7-7500ಯು ಎಂಬ ಚಿಪ್ಪಿನಲ್ಲಿ ಎರಡೇ ಕೋರ್‌ಗಳಿವೆ. ಅದರ ನಂತರದ ತಲೆಮಾರಿನ ಐ5-8250ಯು ಚಿಪ್ಪಿನಲ್ಲಿ ನಾಲ್ಕಿವೆ. ‘ಐ7 ಇದೆ’ ಎಂದು ಹೆಚ್ಚು ಬೆಲೆ ಕೇಳುವ ಹಳೆಯ ಲ್ಯಾಪ್‌ಟಾಪು, ‘ಬರೀ ಐ5’ ಎನಿಸಿಕೊಂಡ ಲ್ಯಾಪ್‌ಟಾಪಿಗಿಂತ ವಿಡಿಯೊ ಕೆಲಸದಲ್ಲಿ ಹಿಂದೆ ಬೀಳಲು ಇದೇ ಕಾರಣ.

ತಲೆಮಾರಿನ ಸಂಖ್ಯೆ ಇನ್ನೊಂದು ಮುಖ್ಯ ಸಂಗತಿಯನ್ನೂ ಹೇಳುತ್ತದೆ. ಒತ್ತಿ ಚಿಕ್ಕದಾಗಿಸಿ ಉಳಿಸಿದ ವಿಡಿಯೊವನ್ನು ಬಿಚ್ಚುವ (ಡಿಕೋಡ್ ಮಾಡುವ) ಕೆಲಸಕ್ಕಾಗಿಯೇ ಮೀಸಲಾದ ಒಂದು ಸಣ್ಣ ಭಾಗ ಗ್ರಾಫಿಕ್ಸ್ ಚಿಪ್ಪಿನೊಳಗೆ ಇರುತ್ತದೆ. ಇಂಟೆಲ್ ಇದನ್ನು ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ 2011ರ ಎರಡನೆಯ ತಲೆಮಾರಿನಿಂದ ಕೊಡುತ್ತ ಬಂದಿದೆ. ಆದರೆ ಆ ಭಾಗಕ್ಕೆ ತಾನು ಹುಟ್ಟಿದ ಕಾಲದ ವಿಡಿಯೊ ರೂಪಗಳಷ್ಟೇ ಗೊತ್ತು. 2003ರಲ್ಲಿ ರೂಪುಗೊಂಡ ಎಚ್.264 ಎಲ್ಲಕ್ಕೂ ಗೊತ್ತು. 2013ರಲ್ಲಿ ಬಂದ ಎಚ್‌ಇವಿಸಿ, ಅಂದರೆ ಎಚ್.265, ಇಂಟೆಲ್‌ನ ಆರನೆಯ ತಲೆಮಾರಿಗೆ 8 ಬಿಟ್ ರೂಪದಲ್ಲಿ ಮಾತ್ರ ಪೂರ್ತಿಯಾಗಿ ಗೊತ್ತು (ಬಿಟ್ ಹೆಚ್ಚಿದಷ್ಟೂ ಬಣ್ಣದ ಛಾಯೆಗಳು ಹೆಚ್ಚು). 10 ಬಿಟ್ ರೂಪ ತಿಳಿಯುವುದು ಏಳನೆಯ ತಲೆಮಾರಿನಿಂದ. ಎನ್ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ 2016ರ ಜಿಟಿಎಕ್ಸ್ 10 ಸರಣಿಯಿಂದ 10 ಬಿಟ್ ಎಚ್‌ಇವಿಸಿಗೆ ತೊಂದರೆಯಿಲ್ಲ. ಈ ಮೀಸಲು ಭಾಗಕ್ಕೆ ಅರ್ಥವಾಗದ ಕಡತ ಬಂದಾಗ ಕೆಲಸವೆಲ್ಲ ಪ್ರೊಸೆಸರಿನ ಕೋರ್‌ಗಳ ತಲೆಯ ಮೇಲೆ ಬೀಳುತ್ತದೆ. ಹಳೆಯ ಯಂತ್ರ ಏದುಸಿರು ಬಿಡುವುದು ಆಗಲೇ.

ಕಡತದ ಗುರುತು

ವಿಎಲ್‌ಸಿ ಪ್ಲೇಯರಿನಲ್ಲಿ ವಿಡಿಯೊವನ್ನು ತೆರೆದು ಟೂಲ್ಸ್ ಪಟ್ಟಿಯಲ್ಲಿರುವ ಕೋಡೆಕ್ ಇನ್ಫರ್ಮೇಶನ್ ಒತ್ತಿದರೆ ಕೋಡೆಕ್ (ವಿಡಿಯೊವನ್ನು ಒತ್ತಿದ ರೂಪ), ಅಳತೆ ಮತ್ತು ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) ಗೊತ್ತಾಗುತ್ತವೆ. ಇನ್ನೂ ವಿವರ ಬೇಕಿದ್ದರೆ ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶ ಇದೆ. ಬಿಟ್ ಡೆಪ್ತ್ 8 ಅಥವಾ 10 ಎಂಬುದು, ಫ್ರೇಮ್ ರೇಟ್ ಸ್ಥಿರವೋ ಅಸ್ಥಿರವೋ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅಳತೆಯ ಲೆಕ್ಕ ಸರಳವಾದುದು. 1080ಪಿ ಎಂದರೆ ಒಂದು ಫ್ರೇಮಿನಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್‌ಗಳು. 4ಕೆ ಎಂದರೆ ಸುಮಾರು 83 ಲಕ್ಷ. ಬಿಚ್ಚಿದ ಮೇಲೆ 4ಕೆ ವಿಡಿಯೊದ ಒಂದೊಂದು ಫ್ರೇಮೂ ಮೆಮೊರಿಯಲ್ಲಿ 33 ಎಂಬಿಯಷ್ಟು ಜಾಗ ಹಿಡಿಯಬಲ್ಲದು, ಸೆಕೆಂಡಿಗೆ 30 ಫ್ರೇಮ್ ಎಂದರೆ ಸುಮಾರು ಒಂದು ಜಿಬಿ. ಫೋನಿನಲ್ಲಿ ಆ ಕಡತ ಚಿಕ್ಕದಾಗಿ ಕಂಡದ್ದು ಒತ್ತಿ ಮಡಚಿ ಇಟ್ಟಿದ್ದರಿಂದ. ಐಫೋನಿನ ಸೆಟ್ಟಿಂಗ್ಸ್ ಪುಟವೇ ಹೇಳುವಂತೆ, 30 ಫ್ರೇಮ್ ವೇಗದ 4ಕೆ ವಿಡಿಯೊ ಎಚ್‌ಇವಿಸಿ ರೂಪದಲ್ಲಿ ನಿಮಿಷಕ್ಕೆ 170 ಎಂಬಿ ಮಾತ್ರ. ಕಡತ ಚಿಕ್ಕದಿದ್ದಷ್ಟೂ ಕೆಲಸ ಹಗುರ ಎಂದು ಅನೇಕರು ತಿಳಿದಿರುತ್ತಾರೆ. ವಾಸ್ತವ ತಿರುಗುಮುರುಗಾಗಿದೆ: ಹೆಚ್ಚು ಒತ್ತಿದ ಕಡತವನ್ನು ಬಿಚ್ಚಲು ಹೆಚ್ಚು ಲೆಕ್ಕಾಚಾರ ಬೇಕು.

ಆ ಒತ್ತುವಿಕೆಯ ಬಗೆಯನ್ನು ತಿಳಿದರೆ ಎಡಿಟಿಂಗ್ ಏಕೆ ಬರೀ ವಿಡಿಯೊ ನೋಡುವುದಕ್ಕಿಂತ ಭಾರ ಎಂಬುದು ಅರ್ಥವಾಗುತ್ತದೆ. ಎಚ್.264 ಮತ್ತು ಎಚ್‌ಇವಿಸಿ ರೂಪಗಳಲ್ಲಿ ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಕೀಫ್ರೇಮ್ ಎನ್ನುವ ಒಂದು ಪೂರ್ಣ ಚಿತ್ರವಿರುತ್ತದೆ. ಅದರ ನಂತರದ ಫ್ರೇಮುಗಳಲ್ಲಿ ಹಿಂದಿನದಕ್ಕಿಂತ ಏನು ಬದಲಾಯಿತು ಎಂಬುದನ್ನಷ್ಟೇ ಗುರುತು ಹಾಕಿರುತ್ತಾರೆ. ಕೀಫ್ರೇಮುಗಳ ನಡುವೆ ಒಂದು ಸೆಕೆಂಡಿನ ಅಂತರವಿದೆ ಎಂದುಕೊಂಡರೆ, ನೀವು ಟೈಮ್‌ಲೈನಿನಲ್ಲಿ (ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ) ಇಪ್ಪತ್ತೊಂಬತ್ತನೆಯ ಫ್ರೇಮಿನ ಮೇಲೆ ಕ್ಲಿಕ್ ಮಾಡಿದಾಗ ಆ ಒಂದು ಚಿತ್ರವನ್ನು ತೋರಿಸಲು ಕಂಪ್ಯೂಟರ್ ಕೀಫ್ರೇಮಿನಿಂದ ಶುರುಮಾಡಿ ನಡುವಿನ ಬಹುತೇಕ ಫ್ರೇಮುಗಳನ್ನೆಲ್ಲ ಲೆಕ್ಕ ಹಾಕಬೇಕಾಗುತ್ತದೆ. ಸಿನಿಮಾ ನೋಡುವಾಗ ಫ್ರೇಮುಗಳು ಒಂದರ ಹಿಂದೆ ಒಂದು ಬರುವುದರಿಂದ ಈ ಕಷ್ಟ ಗೊತ್ತಾಗುವುದಿಲ್ಲ. ಎಡಿಟಿಂಗ್ ಮಾಡುವವರು ಹಿಂದೆ ಮುಂದೆ ಎಳೆದಾಡುತ್ತಾರೆ, ಹಿಮ್ಮುಖವಾಗಿ ಓಡಿಸುತ್ತಾರೆ, ನಡುವೆ ಕತ್ತರಿಸುತ್ತಾರೆ. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಯೂಟ್ಯೂಬಿನಲ್ಲಿ 4ಕೆ ಸಲೀಸಾಗಿ ಓಡುವ ಲ್ಯಾಪ್‌ಟಾಪು ಅಂಥದೇ ವಿಡಿಯೊವನ್ನು ಎಡಿಟ್ ಮಾಡುವಾಗ ಒದ್ದಾಡುವುದು ಇದರಿಂದಲೇ.

ಫ್ರೇಮ್ ರೇಟಿನ ವಿಷಯಕ್ಕೂ ಒಂದು ಮಾತು. ಮೊಬೈಲ್ ಫೋನುಗಳು ಬೆಳಕು ಕಡಿಮೆಯಾದಾಗ ಅಥವಾ ಫೋನ್ ಬಿಸಿಯಾದಾಗ ಫ್ರೇಮುಗಳ ವೇಗವನ್ನು ತಾವೇ ಏರಿಳಿಸುತ್ತವೆ. ಇಂಥ ಅಸ್ಥಿರ ಫ್ರೇಮ್ ರೇಟಿನ ಕಡತವನ್ನು ನೇರವಾಗಿ ಟೈಮ್‌ಲೈನಿಗೆ ಹಾಕಿದರೆ ಹತ್ತು ನಿಮಿಷ ಕಳೆಯುವಷ್ಟರಲ್ಲಿ ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪಬಹುದು. ದೋಷವನ್ನು ಜನ ಹಳೆಯ ಕಂಪ್ಯೂಟರಿನ ಮೇಲೆ ಹೊರಿಸುತ್ತಾರೆ, ಪಾಪ, ಅದರ ತಪ್ಪೇನೂ ಇರುವುದಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದ ವಿಡಿಯೊ ಪುಟದಲ್ಲಿ ಕಾನ್‌ಸ್ಟೆಂಟ್ ಫ್ರೇಮ್ ರೇಟ್ ಆಯ್ದು ಕಡತವನ್ನು ಒಮ್ಮೆ ಪರಿವರ್ತಿಸಿಕೊಂಡರೆ ಇದು ಸರಿಹೋಗುತ್ತದೆ. ಶಾಟ್‌ಕಟ್ ಎಂಬ ಎಡಿಟಿಂಗ್ ತಂತ್ರಾಂಶ ಇಂಥ ಕಡತವನ್ನು ಗುರುತಿಸಿ, ಎಡಿಟಿಂಗ್‌ಗೆ ಒಗ್ಗುವ ರೂಪಕ್ಕೆ ಬದಲಾಯಿಸಲೇ ಎಂದು ತಾನಾಗಿ ಕೇಳುತ್ತದೆ.

ಚಿತ್ರೀಕರಣ ಇನ್ನೂ ಆಗಬೇಕಿದ್ದರೆ ಸಮಸ್ಯೆಯ ಬಹುಪಾಲನ್ನು ಅಲ್ಲಿಯೇ ತಪ್ಪಿಸಬಹುದು. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಎಂಬುದನ್ನು ಆಯ್ದರೆ ವಿಡಿಯೊ ಎಚ್.264 ರೂಪದಲ್ಲಿ ಬರುತ್ತದೆ. ರೆಕಾರ್ಡ್ ವಿಡಿಯೊ ಎಂಬಲ್ಲಿ ಎಚ್‌ಡಿಆರ್ ಅನ್ನು ಆಫ್ ಮಾಡಿದರೆ 10 ಬಿಟ್‌ನ ಹೊರೆಯೂ ತಪ್ಪುತ್ತದೆ. ಅನೇಕ ಆಂಡ್ರಾಯ್ಡ್ ಫೋನುಗಳ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿಯೂ ಎಚ್‌ಇವಿಸಿ ಬಳಕೆಯನ್ನು ನಿಲ್ಲಿಸುವ ಅವಕಾಶ ಇರುತ್ತದೆ. ವಿಡಿಯೊ ಕೊನೆಗೆ ಸೇರುವುದು ವಾಟ್ಸ್ಆ್ಯಪ್‌ಗೋ ಊರಿನ ಸಂಘದ ಯೂಟ್ಯೂಬ್ ಚಾನೆಲ್‌ಗೋ ಆಗಿದ್ದರೆ 4ಕೆ ಹಟವನ್ನು ಬಿಟ್ಟು 1080ಪಿ, 30 ಫ್ರೇಮ್ ವೇಗದಲ್ಲಿ ಚಿತ್ರಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಪರೀಕ್ಷೆ

ನಿಮ್ಮದೇ ಕ್ಯಾಮೆರಾದಿಂದ, ನೀವು ಸಾಮಾನ್ಯವಾಗಿ ಬಳಸುವ ಸೆಟ್ಟಿಂಗ್‌ನಲ್ಲಿಯೇ, ಒಂದು ನಿಮಿಷದ ವಿಡಿಯೊವನ್ನು ತೆಗೆಯಿರಿ. ಅದರಲ್ಲಿ ಚಲನೆ ಇರಲಿ: ರಸ್ತೆಯಲ್ಲಿ ಓಡಾಡುವ ವಾಹನಗಳು, ಗಾಳಿಗೆ ಅಲ್ಲಾಡುವ ತೆಂಗಿನ ಗರಿ, ಹೀಗೆ ಏನಾದರೂ. ಸ್ಥಿರವಾದ ಗೋಡೆಯ ಚಿತ್ರ ಎಲ್ಲ ಯಂತ್ರದಲ್ಲೂ ಚೆನ್ನಾಗಿಯೇ ಓಡುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಅಂತರಜಾಲದಲ್ಲಿ ಸಿಗುವ ಮಾದರಿ ವಿಡಿಯೊಗಳಿಂದಲೂ ಪ್ರಯೋಜನವಿಲ್ಲ, ಏಕೆಂದರೆ ಅವು ನಿಮ್ಮ ಕ್ಯಾಮೆರಾದ ರೂಪದಲ್ಲಿ ಇರುವುದಿಲ್ಲ.

ಶಾಟ್‌ಕಟ್ ಉಚಿತವಾಗಿ ಸಿಗುತ್ತದೆ, ಅವಧಿ ಮುಗಿಯುವ ಭಯವಿಲ್ಲ, ನೀರುಗುರುತು ಹಾಕುವುದಿಲ್ಲ. ಪರೀಕ್ಷೆಗೆ ಅದನ್ನೇ ಬಳಸಬಹುದು. ವಿಡಿಯೊವನ್ನು ಟೈಮ್‌ಲೈನಿಗೆ ಎಳೆದು, ಬದಿಯಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಮೊದಲು ಸುಮ್ಮನೆ ಓಡಿಸಿ ನೋಡಿ. ಬಳಿಕ ಟೈಮ್‌ಲೈನಿನಲ್ಲಿ ಈಗ ಕಾಣುವ ಫ್ರೇಮನ್ನು ತೋರಿಸುವ ನೆಟ್ಟಗಿನ ಗೆರೆಯನ್ನು ಹಿಂದೆ ಮುಂದೆ ಎಳೆಯಿರಿ; ಕೈ ನಿಂತ ಮೇಲೆ ಚಿತ್ರ ಎಷ್ಟು ಹೊತ್ತಿಗೆ ಬಂದು ನಿಲ್ಲುತ್ತದೆ ಎಂಬುದನ್ನು ಗಮನಿಸಿ. ಅರ್ಧ ಸೆಕೆಂಡಿನೊಳಗೆ ಬಂದರೆ ಕೆಲಸಕ್ಕೆ ಅಡ್ಡಿಯಿಲ್ಲ, ಎರಡು ಸೆಕೆಂಡು ದಾಟಿದರೆ ದಿನವಿಡೀ ಕೂತು ಮಾಡಲು ತಾಳ್ಮೆ ಸಾಲುವುದಿಲ್ಲ. ಮೂರನೆಯದಾಗಿ, ಅದೇ ವಿಡಿಯೊವನ್ನು ಇನ್ನೊಂದು ಟ್ರ್ಯಾಕಿನಲ್ಲಿ ಚಿಕ್ಕದಾಗಿಸಿ ಮೇಲಿಟ್ಟು, ಒಂದು ಸಾಲು ಕನ್ನಡ ಶೀರ್ಷಿಕೆ ಹಾಕಿ, ಬಣ್ಣವನ್ನು ಸ್ವಲ್ಪ ತಿದ್ದಿ ಮತ್ತೆ ಓಡಿಸಿ. ಕೊನೆಗೆ 1080ಪಿ ಎಚ್.264 ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿ (ಸಿದ್ಧ ವಿಡಿಯೊ ಕಡತವಾಗಿ ಹೊರತೆಗೆದು), ಆ ಒಂದು ನಿಮಿಷಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಳ್ಳಿ.

ಈಗ ಟಾಸ್ಕ್ ಮ್ಯಾನೇಜರ್ ಹೇಳುವುದನ್ನು ಓದಬೇಕು. ವಿಡಿಯೊ ಓಡುವಾಗ ಸಿಪಿಯು, ಅಂದರೆ ಪ್ರೊಸೆಸರಿನ ಬಳಕೆ, ಶೇಕಡ ನೂರರ ಹತ್ತಿರ ಅಂಟಿಕೊಂಡಿದ್ದರೆ ತೊಡಕಿರುವುದು ಬಿಚ್ಚುವ ಕೆಲಸದಲ್ಲಿ. ರ‍್ಯಾಮ್ ಹೆಚ್ಚಿಸಿದರೆ ಅದು ಸರಿಹೋಗುವುದಿಲ್ಲ. ಸಿಪಿಯು ಅರ್ಧದಲ್ಲಿದ್ದು ಮೆಮೊರಿ ತೊಂಬತ್ತರ ಮೇಲಿದ್ದರೆ, ಜೊತೆಗೆ ಡಿಸ್ಕ್ ನೂರಕ್ಕೆ ಏರಿದ್ದರೆ, ರ‍್ಯಾಮ್ ಸಾಲದೆ ಕಂಪ್ಯೂಟರ್ ಡಿಸ್ಕನ್ನೇ ಮೆಮೊರಿಯಂತೆ ಬಳಸುತ್ತಿದೆ ಎಂದರ್ಥ. ಜಿಪಿಯು ಭಾಗದ ವಿಡಿಯೊ ಡಿಕೋಡ್ ಎಂಬ ಗೆರೆ ಸೊನ್ನೆಯಲ್ಲಿಯೇ ಉಳಿದಿದ್ದರೆ ಮೀಸಲು ಭಾಗ ಕೆಲಸ ಮಾಡುತ್ತಿಲ್ಲ; ಅದು ಯಂತ್ರದ ಮಿತಿಯಾಗಿರಬಹುದು, ತಂತ್ರಾಂಶ ಅದನ್ನು ಬಳಸಿಕೊಳ್ಳದೆ ಇರುವುದೂ ಆಗಿರಬಹುದು.

ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಅಂಕಿಯ ಮೇಲೂ ಕಣ್ಣಿರಬೇಕು. ಸಿಪಿಯು ಭಾಗದಲ್ಲಿ ಸ್ಪೀಡ್ ಎಂದು ತೋರಿಸುವ ಸಂಖ್ಯೆ, ಎಕ್ಸ್‌ಪೋರ್ಟ್ ಶುರುವಾದಾಗ ಐ5-8250ಯು ಚಿಪ್ಪಿನಲ್ಲಿ ಮೂರು ಗಿಗಾಹರ್ಟ್ಸ್ ಆಸುಪಾಸಿನಲ್ಲಿದ್ದು, ಸ್ವಲ್ಪ ಹೊತ್ತಿನಲ್ಲಿ ಅದರ ಮೂಲ ವೇಗವಾದ 1.6 ಗಿಗಾಹರ್ಟ್ಸ್‌ಗೆ ಅಥವಾ ಅದಕ್ಕೂ ಕೆಳಗೆ ಇಳಿದರೆ, ಚಿಪ್ ಬಿಸಿಯಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿದೆ. ವರ್ಷಗಟ್ಟಲೆ ತೆರೆಯದ ಲ್ಯಾಪ್‌ಟಾಪಿನ ಫ್ಯಾನಿನ ಬಾಯಲ್ಲಿ ಧೂಳು ಹತ್ತಿಯಂತೆ ಮೆತ್ತಿಕೊಂಡಿರುತ್ತದೆ, ಥರ್ಮಲ್ ಪೇಸ್ಟ್ ಒಣಗಿ ಹುಡಿಯಾಗಿರುತ್ತದೆ. ಅದನ್ನು ಶುಚಿಮಾಡಿಸಿ ಹೊಸ ಪೇಸ್ಟ್ ಹಾಕಿಸುವುದು ಬಹಳ ಕಡಿಮೆ ಖರ್ಚಿನ ಕೆಲಸ. ಎಷ್ಟೋ ಸಲ ಹೊಸ ಬಿಡಿಭಾಗಕ್ಕಿಂತ ಹೆಚ್ಚಿನ ಫಲ ಇದರಿಂದಲೇ ಸಿಗುತ್ತದೆ. ಪರೀಕ್ಷೆಯನ್ನು ಚಾರ್ಜರ್ ಹಾಕಿಯೇ ಮಾಡಬೇಕು ಎಂಬುದನ್ನೂ ಮರೆಯಬೇಡಿ, ಬ್ಯಾಟರಿಯ ಮೇಲೆ ಓಡುವಾಗ ಅನೇಕ ಲ್ಯಾಪ್‌ಟಾಪುಗಳು ವೇಗವನ್ನು ಬೇಕೆಂದೇ ಕಡಿಮೆ ಮಾಡುತ್ತವೆ.

ಯಾವ ತಂತ್ರಾಂಶ

ತಂತ್ರಾಂಶಗಳ ಅಪೇಕ್ಷೆ ಒಂದರಿಂದೊಂದಕ್ಕೆ ಬಹಳ ಬೇರೆ. ಶಾಟ್‌ಕಟ್ ತಂಡ ಎಚ್‌ಡಿ ಕೆಲಸಕ್ಕೆ 8 ಜಿಬಿ, 4ಕೆ ಕೆಲಸಕ್ಕೆ 16 ಜಿಬಿ ರ‍್ಯಾಮ್ ಸೂಚಿಸುತ್ತದೆ. ಕೋರ್‌ಗಳು ಎಚ್‌ಡಿಗೆ ಎರಡು, 4ಕೆಗೆ ನಾಲ್ಕು ಇದ್ದರೆ ಸಾಕೆನ್ನುತ್ತದೆ. ಕೆಡಿಇ ಸಮುದಾಯದ ಕೆಡೆನ್‌ಲೈವ್ ಕೂಡ ಇದೇ ವರ್ಗದ್ದು, ಲಿನಕ್ಸ್‌ನಲ್ಲಿ ಚೆನ್ನಾಗಿ ಒಗ್ಗುತ್ತದೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಬಣ್ಣ ತಿದ್ದುವುದರಲ್ಲಿ ಅದ್ವಿತೀಯ ಎಂಬುದು ನಿಜವಾದರೂ ಅದಕ್ಕೆ 16 ಜಿಬಿ ರ‍್ಯಾಮ್ ಮತ್ತು ತಕ್ಕಮಟ್ಟಿನ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕು. ಪ್ರೊಸೆಸರಿನೊಳಗಿನ ಹಳೆಯ ಇಂಟೆಲ್ ಗ್ರಾಫಿಕ್ಸ್ ಮಾತ್ರ ಇರುವ ಯಂತ್ರದಲ್ಲಿ ಅದನ್ನು ಹಾಕುವುದು ವ್ಯರ್ಥ ಶ್ರಮ. ಅಡೋಬಿ ಪ್ರೀಮಿಯರ್ ಪ್ರೊ ಕನಿಷ್ಠವೆಂದು ಇಂಟೆಲ್‌ನ ಆರನೆಯ ತಲೆಮಾರನ್ನೂ 8 ಜಿಬಿ ರ‍್ಯಾಮನ್ನೂ ಕೇಳುತ್ತದೆ, ಆ ಕನಿಷ್ಠದಲ್ಲಿ ಕೆಲಸ ಮಾಡುವುದು ಹಿತವಾಗಿರುವುದಿಲ್ಲ.

ಹಳೆಯ ಯಂತ್ರಕ್ಕೆ ಅದೇ ಕಾಲದ ಹಳೆಯ ಆವೃತ್ತಿಯನ್ನು ಹಾಕಿಕೊಳ್ಳುವುದು ಜಾಣತನದ ದಾರಿಯೇ. ಶಾಟ್‌ಕಟ್ ಮತ್ತು ರಿಸಾಲ್ವ್ ಎರಡರ ಹಿಂದಿನ ಆವೃತ್ತಿಗಳೂ ಅವುಗಳ ಅಧಿಕೃತ ತಾಣಗಳಲ್ಲಿ ಸಿಗುತ್ತವೆ. ಆದರೆ ತೀರ ಹಿಂದಕ್ಕೆ ಹೋದರೆ ಕನ್ನಡಕ್ಕೆ ಪೆಟ್ಟು ಬೀಳುತ್ತದೆ. ಹಳೆಯ ಪ್ರೀಮಿಯರ್ ಆವೃತ್ತಿಗಳ ಶೀರ್ಷಿಕೆಗಳಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ನಮ್ಮ ಮದುವೆ ವಿಡಿಯೊಗಳಲ್ಲಿ ಹಿಂದೆ ನುಡಿ, ಬರಹಗಳ ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳನ್ನು ಬಳಸುತ್ತಿದ್ದುದಕ್ಕೆ ಇದೂ ಒಂದು ಕಾರಣ. ಹೊಸ ಪ್ರೀಮಿಯರ್‌ನಲ್ಲಿ ಕೂಡ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಪುಟಕ್ಕೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಒತ್ತಿದ ಮೇಲೆಯೇ ಒತ್ತಕ್ಷರ ಸರಿಯಾಗುತ್ತದೆ. ಶೀರ್ಷಿಕೆಯನ್ನು ಇಂಕ್‌ಸ್ಕೇಪ್‌ನಂಥ ತಂತ್ರಾಂಶದಲ್ಲಿ ಬರೆದು, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಚಿತ್ರವಾಗಿ ಉಳಿಸಿ ಟೈಮ್‌ಲೈನಿಗೆ ತಂದರೆ ಅಕ್ಷರವೂ ಕೆಡುವುದಿಲ್ಲ, ಯಂತ್ರಕ್ಕೂ ಹಗುರ.

ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ, ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಸಾಮಾನ್ಯ ಯಂತ್ರಗಳನ್ನು ಒಪ್ಪುವುದಿಲ್ಲ. ಅಂಥ ಯಂತ್ರವನ್ನು ಎಡಿಟಿಂಗ್‌ಗೆಂದೇ ಉಳಿಸಿಕೊಳ್ಳುವವರು ಲಿನಕ್ಸ್ ಮಿಂಟ್ ಹಾಕಿ ಕೆಡೆನ್‌ಲೈವ್ ಬಳಸುವುದನ್ನು ಯೋಚಿಸಬಹುದು. ‘ಕ್ರ್ಯಾಕ್’ ಮಾಡಿದ ತಂತ್ರಾಂಶ ಮಾತ್ರ ಬೇಡ. ಭದ್ರತಾ ತಿದ್ದುಪಡಿ ನಿಂತುಹೋದ ಯಂತ್ರದಲ್ಲಿ ಅದು ಎರಡು ಪಟ್ಟು ಅಪಾಯ.

ಕತ್ತರಿಸಿ ಜೋಡಿಸುವುದಷ್ಟೇ ಕೆಲಸವಾಗಿದ್ದರೆ ಇದಾವುದೂ ಬೇಕಿಲ್ಲ. ಕರಾವಳಿಯಲ್ಲಿ ಯಕ್ಷಗಾನದ ಆಟವನ್ನು ಆರಂಭದಿಂದ ಮಂಗಳದವರೆಗೆ ರೆಕಾರ್ಡ್ ಮಾಡುವವರ ಉದಾಹರಣೆ ತೆಗೆದುಕೊಳ್ಳಿ. ಎವಿಸಿಎಚ್‌ಡಿ (ಎಚ್.264 ಆಧಾರಿತ ರೂಪ) ಬಳಸುವ ಹ್ಯಾಂಡಿಕ್ಯಾಮ್ ಸೆಕೆಂಡಿಗೆ 28 ಮೆಗಾಬಿಟ್ ದರದಲ್ಲಿ ಬರೆದರೆ ಗಂಟೆಗೆ ಸುಮಾರು 12 ಜಿಬಿಗಿಂತ ಹೆಚ್ಚಾಗುತ್ತದೆ. ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದ ಕಾರ್ಡಿನಲ್ಲಿ ಒಂದು ಕಡತ 4 ಜಿಬಿ ದಾಟುವಂತಿಲ್ಲವಾದ್ದರಿಂದ ಹೆಚ್ಚೆಂದರೆ ಇಪ್ಪತ್ತು ನಿಮಿಷಕ್ಕೊಂದು ತುಂಡಾಗುತ್ತದೆ. ಆ ತುಂಡುಗಳನ್ನು ಕೂಡಿಸಿ, ಪದ್ಯದ ನಡುವೆ ಕಡಿಯದಂತೆ ನೋಡಿಕೊಂಡು, ಪ್ರಸಂಗಕ್ಕೊಂದರಂತೆ ಬೇರ್ಪಡಿಸುವುದಷ್ಟೇ ಇಲ್ಲಿ ಆಗಬೇಕಾದ ಕೆಲಸ. ಲಾಸ್‌ಲೆಸ್‌ಕಟ್ ಎಂಬ ಉಚಿತ ತಂತ್ರಾಂಶ ವಿಡಿಯೊವನ್ನು ಬಿಚ್ಚಿ ಮರಳಿ ಒತ್ತುವ ಗೋಜಿಗೆ ಹೋಗದೆ, ಇದ್ದ ಹಾಗೆಯೇ ಕತ್ತರಿಸಿ ಬೇರೆ ಕಡತಕ್ಕೆ ನಕಲು ಮಾಡುತ್ತದೆ. ಗುಣಮಟ್ಟ ಕಿಂಚಿತ್ತೂ ಇಳಿಯುವುದಿಲ್ಲ, ಹಿಡಿಯುವ ಸಮಯ ಕಡತವನ್ನು ಕಾಪಿ ಮಾಡಲು ಬೇಕಾದಷ್ಟೇ. ಕಡಿತ ಕೀಫ್ರೇಮಿನ ಮೇಲೆಯೇ ಬೀಳಬೇಕು ಎಂಬುದೊಂದೇ ಕಟ್ಟುಪಾಡು. ಚೆಂಡೆ ನಿಂತ ಮೇಲಿನ ಬಿಡುವಿನಲ್ಲಿ ಅರ್ಧ ಸೆಕೆಂಡು ಆಚೀಚೆಯಾದರೆ ಯಾರಿಗೂ ತಿಳಿಯುವುದಿಲ್ಲ.

ಪ್ರಾಕ್ಸಿ: ಹಳೆಯ ಯಂತ್ರದ ಮುಖ್ಯ ಆಸರೆ

ಪರೀಕ್ಷೆಯಲ್ಲಿ ಸಿಪಿಯು ನೂರಕ್ಕೆ ಅಂಟಿಕೊಂಡಿತ್ತು ಎಂದಾದರೆ ಹೊಸ ಯಂತ್ರ ಕೊಳ್ಳುವ ಮುನ್ನ ಪ್ರಾಕ್ಸಿ ವಿಧಾನವನ್ನು ಪ್ರಯತ್ನಿಸಲೇಬೇಕು. ತಂತ್ರಾಂಶವು ಪ್ರತಿಯೊಂದು ಮೂಲ ವಿಡಿಯೊಗೂ ಒಂದು ಚಿಕ್ಕ, ಸುಲಭವಾಗಿ ಬಿಚ್ಚಬಲ್ಲ ನಕಲನ್ನು ತಯಾರಿಸಿ ಇಟ್ಟುಕೊಳ್ಳುತ್ತದೆ. ನೀವು ಕತ್ತರಿಸುವಾಗ, ಜೋಡಿಸುವಾಗ ಕಣ್ಣಿಗೆ ಕಾಣುವುದು ಆ ನಕಲು. ಎಕ್ಸ್‌ಪೋರ್ಟ್ ಮಾಡುವಾಗ ತಂತ್ರಾಂಶ ಮತ್ತೆ ಮೂಲ ಕಡತಕ್ಕೇ ಹೋಗುವುದರಿಂದ ಅಂತಿಮ ವಿಡಿಯೊದ ಗುಣಮಟ್ಟಕ್ಕೆ ಕುಂದಿಲ್ಲ. ಪ್ರೀಮಿಯರ್‌ನಲ್ಲಿ ಈ ವ್ಯವಸ್ಥೆ 2016ರಿಂದ, ಶಾಟ್‌ಕಟ್‌ನಲ್ಲಿ 2020ರಿಂದ ಇದೆ.

ಶಾಟ್‌ಕಟ್‌ನಲ್ಲಿ ಸೆಟ್ಟಿಂಗ್ಸ್ ಪಟ್ಟಿಯ ಪ್ರಾಕ್ಸಿ ಎಂಬಲ್ಲಿ ಯೂಸ್ ಪ್ರಾಕ್ಸಿ ಎಂಬುದನ್ನು ಒತ್ತಿ, ಆಮೇಲೆ ವಿಡಿಯೊಗಳನ್ನು ಸೇರಿಸಿ. ನಕಲುಗಳು ಸಾಮಾನ್ಯವಾಗಿ 540ಪಿ ಅಳತೆಯಲ್ಲಿ ತಯಾರಾಗುತ್ತವೆ. ಜಾಬ್ಸ್ ಫಲಕದಲ್ಲಿ ಕೆಲಸ ಎಷ್ಟಾಯಿತು ಎಂದು ಕಾಣುತ್ತದೆ. ಹಳೆಯ ಯಂತ್ರದಲ್ಲಿ ಗಂಟೆಗಟ್ಟಲೆ ಸಾಗುವ ವಿಡಿಯೊಗಳಿಗೆ ಪ್ರಾಕ್ಸಿ ತಯಾರಾಗಲು ಬಹಳ ಹೊತ್ತು ಬೇಕು. ರಾತ್ರಿ ಹಚ್ಚಿಟ್ಟು ಮಲಗುವುದು ಒಳ್ಳೆಯದು. ವಿದ್ಯುತ್ ಕೈಕೊಡುವ ಊರಾದರೆ ಡೆಸ್ಕ್‌ಟಾಪಿಗೆ ಯುಪಿಎಸ್ ಇರಲಿ. ಅದೇ ಪಟ್ಟಿಯಲ್ಲಿರುವ ಪ್ರಿವ್ಯೂ ಸ್ಕೇಲಿಂಗ್ ಅನ್ನು 540ಪಿ ಅಥವಾ 360ಪಿಗೆ ಇಳಿಸಿದರೆ ಫಿಲ್ಟರ್‌ಗಳ ಲೆಕ್ಕಾಚಾರವೂ ಹಗುರವಾಗುತ್ತದೆ. ಪ್ರಾಕ್ಸಿ ಬಿಚ್ಚುವ ಹೊರೆಯನ್ನು ತಗ್ಗಿಸುತ್ತದೆ, ಪ್ರಿವ್ಯೂ ಸ್ಕೇಲಿಂಗ್ ಬಿಚ್ಚಿದ ಮೇಲಿನ ಹೊರೆಯನ್ನು ತಗ್ಗಿಸುತ್ತದೆ. ಒಂದನ್ನು ಮಾತ್ರ ಹಾಕಿ ‘ಪ್ರಯೋಜನವಾಗಲಿಲ್ಲ’ ಎನ್ನುವವರು ಇನ್ನೊಂದನ್ನೂ ಹಾಕಿ ನೋಡಬೇಕು. ಕೆಡೆನ್‌ಲೈವ್‌ನಲ್ಲಿ ಪ್ರಾಕ್ಸಿ ಆಯ್ಕೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನೊಳಗೆ ಇದೆ.

ಪ್ರಾಕ್ಸಿಗೂ ಆಗದ ಕೆಲಸಗಳಿವೆ. ಅಲುಗಾಡಿದ ವಿಡಿಯೊವನ್ನು ಸ್ಥಿರಗೊಳಿಸುವುದು, ಕತ್ತಲಲ್ಲಿ ತೆಗೆದ ಚಿತ್ರದ ಕಾಳುಕಾಳನ್ನು ತೆಗೆಯುವುದು, ಹಸಿರು ಪರದೆಯಿಲ್ಲದೆ ಹಿನ್ನೆಲೆಯನ್ನು ಅಳಿಸುವುದು ಇವೆಲ್ಲ ಹಳೆಯ ಯಂತ್ರವನ್ನು ಹಿಂಡುತ್ತವೆ. ಅಂಥ ತುಣುಕನ್ನು ಮೊದಲೇ ಬೇರೆಯಾಗಿ ಸರಿಪಡಿಸಿ, ಎಕ್ಸ್‌ಪೋರ್ಟ್ ಮಾಡಿ, ಆ ಸಿದ್ಧ ತುಣುಕನ್ನು ಮುಖ್ಯ ಟೈಮ್‌ಲೈನಿಗೆ ತರಬೇಕು.

ಎಕ್ಸ್‌ಪೋರ್ಟ್ ನಿಧಾನವಾದರೆ ಅದಕ್ಕಾಗಿ ಹಣ ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ. ಕತ್ತರಿಸುವಾಗಿನ ತಡೆ ನಿಮ್ಮ ಸಮಯವನ್ನು ತಿನ್ನುತ್ತದೆ, ಎಕ್ಸ್‌ಪೋರ್ಟಿನ ವಿಳಂಬ ಕಂಪ್ಯೂಟರಿನ ಸಮಯವನ್ನಷ್ಟೇ ತಿನ್ನುತ್ತದೆ. ಬಿಟ್ ರೇಟನ್ನು (ಒಂದು ಸೆಕೆಂಡಿನ ವಿಡಿಯೊಗೆ ಬಳಸುವ ದತ್ತಾಂಶದ ಪ್ರಮಾಣವನ್ನು) ಬೇಕಾದ್ದಕ್ಕಿಂತ ಹೆಚ್ಚು ಇಡುವುದರಿಂದಲೂ ಲಾಭವಿಲ್ಲ: 1080ಪಿ, 30 ಫ್ರೇಮ್ ವಿಡಿಯೊಗೆ ಯೂಟ್ಯೂಬ್ ಸೂಚಿಸುವುದು ಸೆಕೆಂಡಿಗೆ 8 ಮೆಗಾಬಿಟ್, ಅಂದರೆ ಹತ್ತು ನಿಮಿಷಕ್ಕೆ ಸುಮಾರು 600 ಎಂಬಿ. ಎರಡನೆಯ, ಮೂರನೆಯ ತಲೆಮಾರಿನ ಕ್ವಿಕ್ ಸಿಂಕ್ ಬಳಸಿ ಬೇಗ ಎಕ್ಸ್‌ಪೋರ್ಟ್ ಮಾಡಬಹುದಾದರೂ ಅಷ್ಟೇ ಬಿಟ್ ರೇಟಿನಲ್ಲಿ ಚಿತ್ರ ಸ್ವಲ್ಪ ಮಂಕಾಗಿ ಬರುತ್ತದೆ. ಸಮಯವಿದ್ದರೆ ಪ್ರೊಸೆಸರಿಗೇ ಬಿಡುವುದು ಮೇಲು.

ಹಣ ಹಾಕುವುದಾದರೆ

ಎಲ್ಲಕ್ಕೂ ಮೊದಲು ವಿಂಡೋಸ್ ಮತ್ತು ತಂತ್ರಾಂಶಗಳು ಎಸ್‌ಎಸ್‌ಡಿಯಲ್ಲಿರಬೇಕು. ಕ್ಯಾಮೆರಾದ ಕಡತವನ್ನು ಓದಲು ಹಾರ್ಡ್ ಡಿಸ್ಕ್ ಸಾಲದು ಎಂಬುದು ಇದಕ್ಕೆ ಕಾರಣವಲ್ಲ. ಸೆಕೆಂಡಿಗೆ 50 ಮೆಗಾಬಿಟ್‌ನ 4ಕೆ ವಿಡಿಯೊ ಎಂದರೂ ಓದಬೇಕಾದದ್ದು ಸೆಕೆಂಡಿಗೆ ಆರೇ ಎಂಬಿ, ಹಳೆಯ ಹಾರ್ಡ್ ಡಿಸ್ಕ್ ಅದರ ಹತ್ತು ಪಟ್ಟಿಗೂ ಹೆಚ್ಚು ಓದಬಲ್ಲದು. ಆದರೆ ಒಂದೇ ಹೊತ್ತಿಗೆ ನಾಲ್ಕು ಕಡತಗಳ ಬೇರೆ ಬೇರೆ ಜಾಗಕ್ಕೆ ಜಿಗಿಯಬೇಕಾದಾಗ, ಜೊತೆಗೆ ವಿಂಡೋಸ್ ತನ್ನ ಕೆಲಸಕ್ಕೂ ಅದೇ ಡಿಸ್ಕನ್ನು ಎಳೆದಾಗ, ಹಾರ್ಡ್ ಡಿಸ್ಕ್ ಕುಸಿಯುತ್ತದೆ. ಮೂಲ ವಿಡಿಯೊಗಳನ್ನು ಹಾರ್ಡ್ ಡಿಸ್ಕಿನಲ್ಲಿಯೇ ಇಟ್ಟು, ಪ್ರಾಕ್ಸಿಗಳನ್ನು ಎಸ್‌ಎಸ್‌ಡಿಯಲ್ಲಿ ಇಟ್ಟರೆ ಚಿಕ್ಕ ಎಸ್‌ಎಸ್‌ಡಿಯೂ ಸಾಕಾಗುತ್ತದೆ.

ರ‍್ಯಾಮ್ 4 ಜಿಬಿ ಇದ್ದರೆ 8ಕ್ಕೆ, 8 ಇದ್ದರೆ 16ಕ್ಕೆ ಏರಿಸಬಹುದು. ಒಂದೇ ಸ್ಲಾಟ್ ತುಂಬಿದ್ದರೆ ಎರಡನೆಯದನ್ನೂ ತುಂಬಿ, ಅದರಿಂದ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೂ ಬಲ ಬರುತ್ತದೆ. ಮೂರು ಮತ್ತು ನಾಲ್ಕನೆಯ ತಲೆಮಾರಿನ ಯಂತ್ರಗಳು ಬಳಸುವುದು ಡಿಡಿಆರ್3. ನಾಲ್ಕನೆಯ ತಲೆಮಾರಿನ ಲ್ಯಾಪ್‌ಟಾಪುಗಳಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಆಗಬೇಕು, ಕೊಳ್ಳುವ ಮುನ್ನ ಈಗಿರುವ ರ‍್ಯಾಮಿನ ಮೇಲಿನ ಚೀಟಿಯನ್ನು ಓದಿಕೊಳ್ಳಿ. 2012ರ ನಂತರದ ರೆಟಿನಾ ಪರದೆಯ ಮ್ಯಾಕ್‌ಬುಕ್ ಪ್ರೊಗಳಲ್ಲಿ ರ‍್ಯಾಮ್ ಬೆಸುಗೆ ಹಾಕಿರುವುದರಿಂದ ಈ ದಾರಿ ಮುಚ್ಚಿದೆ.

ಡೆಸ್ಕ್‌ಟಾಪಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸುವವರು ಪವರ್ ಸಪ್ಲೈಯನ್ನು ಮರೆಯುತ್ತಾರೆ. ಕಚೇರಿ ಡೆಸ್ಕ್‌ಟಾಪುಗಳ ಪವರ್ ಸಪ್ಲೈ ಚಿಕ್ಕದಾಗಿರುತ್ತದೆ, ಕಾರ್ಡಿಗೆ ಬೇಕಾದ ಪ್ರತ್ಯೇಕ ತಂತಿಯೂ ಅದರಲ್ಲಿ ಇರುವುದಿಲ್ಲ. ಸ್ಲಾಟಿನಿಂದಲೇ ಸಿಗುವ 75 ವ್ಯಾಟ್‌ನಲ್ಲಿ ನಡೆಯುವ, 4 ಜಿಬಿ ಮೆಮೊರಿಯ ಜಿಟಿಎಕ್ಸ್ 1050 ಟಿಐನಂಥ ಕಾರ್ಡು ಇಲ್ಲಿ ಹೊಂದುತ್ತದೆ. ಎಚ್‌ಇವಿಸಿ 10 ಬಿಟ್ ಬಿಚ್ಚಲು ಅದಕ್ಕೆ ಬರುತ್ತದೆ. ಡಬ್ಬಿ ತೆಳುವಾದದ್ದಾದರೆ ಕಾರ್ಡು ಕುಳ್ಳಗಿನ ಮಾದರಿಯದೇ ಆಗಿರಬೇಕು.

ಮಿರರ್‌ಲೆಸ್ ಕ್ಯಾಮೆರಾದ 10 ಬಿಟ್ 4:2:2 (ಬಣ್ಣದ ವಿವರವನ್ನು ಹೆಚ್ಚು ಉಳಿಸುವ) ವಿಡಿಯೊ ನಿಮ್ಮ ಕೆಲಸವಾಗಿದ್ದರೆ ಈ ಬಿಡಿಭಾಗಗಳ ಲೆಕ್ಕ ಬಿಟ್ಟುಬಿಡಿ. ಆ ರೂಪದ ಎಚ್‌ಇವಿಸಿಯನ್ನು ಯಂತ್ರಾಂಶದಲ್ಲಿ ಬಿಚ್ಚುವ ಶಕ್ತಿ ಇಂಟೆಲ್ ಡೆಸ್ಕ್‌ಟಾಪುಗಳಿಗೆ 11ನೇ ತಲೆಮಾರಿನಲ್ಲಿ, ಎನ್ವಿಡಿಯಾಗೆ 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ ಬಂತು. ಇನ್ನೊಬ್ಬರ ಮದುವೆಯನ್ನು ಮೂರು ಕ್ಯಾಮೆರಾದಲ್ಲಿ ಹಾಗೆ ಚಿತ್ರಿಸಿ, ಹೇಳಿದ ದಿನಕ್ಕೆ ಕೊಡಬೇಕಾದವರು ಹಳೆಯ ಯಂತ್ರವನ್ನು ನಂಬಿ ಕೂರಬಾರದು.

ಹೊಸದು ಕೊಳ್ಳಲು ಹಣ ಸಾಲದಿದ್ದಾಗ ಕಂಪನಿಗಳು ಬಳಸಿ ಬಿಟ್ಟ ರಿಫರ್ಬಿಶ್ಡ್ ಯಂತ್ರಗಳು ಒಳ್ಳೆಯ ಆಯ್ಕೆ; ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅವು ಧಾರಾಳವಾಗಿ ಸಿಗುತ್ತವೆ. ಎಂಟನೆಯ ತಲೆಮಾರು, ನಾಲ್ಕು ಕೋರ್, ಎರಡು ರ‍್ಯಾಮ್ ಸ್ಲಾಟ್ ಇವಕ್ಕಿಂತ ಕಡಿಮೆ ಇರುವುದನ್ನು ಎಡಿಟಿಂಗ್‌ಗೆಂದು ಕೊಳ್ಳಬೇಡಿ. ಅಂಗಡಿಗೆ ಹೋಗುವಾಗ ಪರೀಕ್ಷೆಗೆ ತೆಗೆದ ಆ ಒಂದು ನಿಮಿಷದ ವಿಡಿಯೊವನ್ನೂ, ಇನ್‌ಸ್ಟಾಲ್ ಮಾಡದೆಯೇ ನಡೆಯುವ ಶಾಟ್‌ಕಟ್‌ನ ಪೋರ್ಟಬಲ್ ಆವೃತ್ತಿಯನ್ನೂ ಪೆನ್‌ಡ್ರೈವಿನಲ್ಲಿ ಒಯ್ದು, ಎರಡನ್ನೂ ಅಲ್ಲಿನ ಯಂತ್ರದ ಡಿಸ್ಕಿಗೆ ನಕಲು ಮಾಡಿಕೊಂಡು, ಹಣ ಕೊಡುವ ಮೊದಲೇ ಓಡಿಸಿ ನೋಡಿ. ಅಂಗಡಿಯವರು ಅದಕ್ಕೆ ಒಪ್ಪದಿದ್ದರೆ ಪಕ್ಕದ ಅಂಗಡಿಗೆ ನಡೆಯಿರಿ. ಆ ಬೀದಿಯಲ್ಲಿ ಅಂಗಡಿಗಳಿಗೇನೂ ಕೊರತೆಯಿಲ್ಲ.